ಫ್ರಿಜ್ಜು ಕೊಂದವಳ ಇಪ್ಪತ್ತು ನಿಮಿಷ

ಮೈಸೂರಿನ ಕೆಸರೆಯಲ್ಲಿರುವ ನಮ್ಮವ್ವನ ಅಡುಗೆಮನೆಗೆ ನೀವು ಯಾವತ್ತಾದರೂ ಹೋದರೆ, ಒಲೆಯ ಪಕ್ಕದ ಗೋಡೆಯಲ್ಲಿ ಮೊಳೆಗೆ ತೂಗುಹಾಕಿದ ಒಂದು ಚಾಕು ನಿಮ್ಮ ಕಣ್ಣಿಗೆ ಬೀಳುತ್ತದೆ. ಮರದ ಹಿಡಿ, ಮುರಿದ ತುದಿ. ಅದರಲ್ಲಿ ಯಾರೂ ಏನನ್ನೂ ಹೆಚ್ಚುವುದಿಲ್ಲ. "ಇದ್ಯಾಕಮ್ಮ ಇಲ್ಲಿ?" ಎಂದು ನೀವು ಅಪ್ಪಿತಪ್ಪಿ ಕೇಳಿದಿರೋ, ಮುಗಿಯಿತು. ಅವ್ವ ಸೆರಗು ಸರಿಮಾಡಿಕೊಂಡು, ಕಾಲು ನೀಡಿ ಕುಳಿತು, "ಅದಾ? ನಮ್ ಸುಸೀಲ ಫ್ರಿಜ್ ಕೊಂದ ಚಾಕು ಕಣ್ರೀ" ಎಂದು ಶುರು ಮಾಡುತ್ತಾಳೆ.

ಸುಶೀಲ ಅಂದರೆ ನಾನೇ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದ್ದೇನೆ, ಇಬ್ಬರು ಮಕ್ಕಳ ಮದುವೆ ಮಾಡಿದ್ದೇನೆ, ಎರಡು ಸಲ ಚುನಾವಣಾ ಡ್ಯೂಟಿಯಲ್ಲಿ ಮತಪೆಟ್ಟಿಗೆ ಕಾದಿದ್ದೇನೆ. ಸರ್ಕಾರ ನನ್ನನ್ನು ನಂಬಿ ಮತಪೆಟ್ಟಿಗೆ ಕೊಟ್ಟಿತು. ನಮ್ಮವ್ವ ಮಾತ್ರ ನಲವತ್ತು ವರ್ಷದಿಂದ ನನ್ನನ್ನು ನಂಬಿ ಫ್ರಿಜ್ಜಿನ ಬಾಗಿಲು ಬಿಟ್ಟುಕೊಟ್ಟಿರಲಿಲ್ಲ. ತವರಿಗೆ ಹೋಗಿ ಬಾಯಾರಿದರೆ ನಾನು ಬಾಯಿಬಿಟ್ಟು ಕೇಳಬೇಕು. ನನ್ನ ತಮ್ಮ ನಂಜುಂಡ ಎದ್ದು ಹೋಗಿ ತಣ್ಣೀರು ತಂದುಕೊಡಬೇಕು. ಅವನಿಗೂ ಈಗ ಐವತ್ತರ ಹತ್ತಿರ, ಮಂಡಿನೋವು. ಆದರೂ ನಾನು "ನೀರು" ಅನ್ನುವ ಮೊದಲೇ ಏಳುತ್ತಿದ್ದ. ಅದು ನಮ್ಮ ಮನೆಯ ಕಾಯಿದೆ.

ಮೊದಲು ಆ ಕೊಲೆಯ ವಿಷಯ ಹೇಳಿಬಿಡುತ್ತೇನೆ. ಮುಚ್ಚಿಟ್ಟು ಪ್ರಯೋಜನವಿಲ್ಲ, ಅವ್ವ ಹೇಗೂ ಹೇಳುತ್ತಾಳೆ.

ನನಗಾಗ ಹನ್ನೆರಡು ವರ್ಷ. ಮಿಲ್ಲಿನಲ್ಲಿ ಫೋರ್‌ಮನ್ ಆಗಿದ್ದ ಅಪ್ಪ, ವರ್ಗವಾಗಿ ಹೊರಟಿದ್ದ ಯಾರೋ ಆಫೀಸರ ಮನೆಯಿಂದ ಹಳೆಯದೊಂದು ಒಂಟಿ ಬಾಗಿಲಿನ ಫ್ರಿಜ್ಜನ್ನು ಕೈಗಾಡಿಯಲ್ಲಿ ಹೇರಿಸಿಕೊಂಡು ಬಂದರು. ನಮ್ಮ ಬೀದಿಗೆ ಅದೇ ಮೊದಲ ಫ್ರಿಜ್ಜು. ಅದನ್ನು ಅಡುಗೆಮನೆಯಲ್ಲಿಟ್ಟರೆ ಬಂದವರಿಗೆ ಕಾಣುವುದಿಲ್ಲವೆಂದು ನಡುಮನೆಯಲ್ಲಿ, ದೇವರ ಗೂಡಿನ ಪಕ್ಕದಲ್ಲೇ ನಿಲ್ಲಿಸಿದೆವು. ಬೀದಿಯವರೆಲ್ಲ ತಮ್ಮ ತಮ್ಮ ಸಾಮಾನು ತಂದು ಇಡತೊಡಗಿದರು. ಒಬ್ಬರ ಮಲ್ಲಿಗೆ ದಂಡೆ, ಇನ್ನೊಬ್ಬರ ದೋಸೆಹಿಟ್ಟು, ಮೂಲೆಮನೆ ಅಜ್ಜನ ಕಣ್ಣಿನ ಔಷಧಿ. ನಮ್ಮ ಸ್ವಂತದ್ದು ಅಂತ ಅದರಲ್ಲಿ ಇದ್ದದ್ದು ಒಂದು ಚೊಂಬು ನೀರು ಮಾತ್ರ.

ನನಗೆ ಇಷ್ಟವಾದದ್ದು ಮೇಲಿನ ಪುಟ್ಟ ಗೂಡಿನ ಗೋಡೆಗೆ ಬೆಳೆಯುತ್ತಿದ್ದ ಹಿಮ. ಬೆರಳಲ್ಲಿ ಕೆರೆದು ನಾಲಿಗೆಗೆ ಇಟ್ಟರೆ ರುಚಿಯೇನೂ ಇಲ್ಲ, ಆದರೂ ಅದು ಹಬ್ಬ. ಒಮ್ಮೆ ನಂಜುಂಡ ನೇರವಾಗಿ ಗೋಡೆಯನ್ನೇ ನೆಕ್ಕಲು ಹೋಗಿ ನಾಲಿಗೆ ಅಂಟಿಸಿಕೊಂಡ. ಅವ್ವ ಬೆಚ್ಚಗಿನ ನೀರು ಎರಚಿ ಬಿಡಿಸಿದಳು. ಆಮೇಲೆ ಒಂದು ವಾರ ಅವನು ಮಾತಾಡಿದ್ದು ಒಂದಕ್ಷರವೂ ನಮಗೆ ತಿಳಿಯಲಿಲ್ಲ, ಮನೆ ತಣ್ಣಗಿತ್ತು.

ಆ ಗೂಡಿನ ಕೆಳಗೆ ಒಂದು ತಿರುಗುಗುಂಡಿ, ಅದರ ನಟ್ಟನಡುವೆ ಒಂದು ಕೆಂಪು ಬಟನ್ ಇತ್ತು. ಅದೇನೆಂದು ಆಫೀಸರು ಹೇಳಿಹೋಗಿರಲಿಲ್ಲ. ಮಿಲ್ಲಿನಲ್ಲಿ ಕೆಂಪು ಬಟನ್ ಅಂದರೆ ಅಪಾಯ ಎಂದು ಕಲಿತಿದ್ದ ಅಪ್ಪ, "ಅದನ್ನ ಯಾರಾದ್ರೂ ಒತ್ತಿದ್ರೆ ಮನೆ ಹಾರೋಯ್ತದೆ" ಎಂದು ಅಪ್ಪಣೆ ಮಾಡಿದರು. ಒತ್ತುವುದಿರಲಿ, ನಾವು ಅದರ ಕಡೆ ಬೆರಳು ತೋರಿಸಲೂ ಹೆದರುತ್ತಿದ್ದೆವು. ಹಿಮ ಬೆಳೆಯಿತು. ಬೆಳೆದೂ ಬೆಳೆದೂ ಗೂಡಿನ ಬಾಗಿಲೇ ಮುಚ್ಚದಾಯಿತು.

ಅಷ್ಟರಲ್ಲಿ ಆಯುಧಪೂಜೆ ಬಂತು. ಮೈಸೂರಿನವರಿಗೆ ಆ ದಿನದ ಬಗ್ಗೆ ಹೇಳಬೇಕಾಗಿಲ್ಲ. ಮನೆಯಲ್ಲಿ ಕಬ್ಬಿಣ ಅಂತ ಇರುವುದಕ್ಕೆಲ್ಲ ಅವತ್ತು ಸ್ನಾನ, ವಿಭೂತಿ, ಕುಂಕುಮ, ಚೆಂಡುಹೂವು. ಅಪ್ಪನ ಸೈಕಲ್ಲು, ಅವ್ವನ ಈಳಿಗೆಮಣೆ, ನನ್ನ ಕಂಪಾಸ್ ಪೆಟ್ಟಿಗೆ, ಎಲ್ಲವೂ ಸಾಲಾಗಿ ಕುಳಿತಿದ್ದವು. ಫ್ರಿಜ್ಜಿಗೆ ಅದು ನಮ್ಮ ಮನೆಯಲ್ಲಿ ಮೊದಲ ಪೂಜೆ. ಕೊಳೆಯಿದ್ದ ಆಯುಧಕ್ಕೆ ಪೂಜೆ ಮಾಡಿದರೆ ಫಲವಿಲ್ಲ ಎಂದು ಅವ್ವ ಹೇಳಿದ್ದಳು. ನನ್ನ ಕಣ್ಣಿಗೆ ಆ ಹಿಮವೇ ಕೊಳೆ. ಚಾಕು ತಂದು ಸ್ಟೂಲು ಹತ್ತಿ ಕೆರೆಯತೊಡಗಿದೆ. ಬೆರಳಿನಷ್ಟು ಬಂತು, ಅಂಗೈಯಷ್ಟು ಬಂತು. ಒಂದು ಕಡೆ ಗಟ್ಟಿಯಾಗಿತ್ತು. ಎರಡೂ ಕೈಯಲ್ಲಿ ಹಿಡಿದು ಒಂದೇಟು ಹಾಕಿದೆ.

ಬುಸ್ಸ್‌!

ಒಳಗೆ ಅಡುಗೆಮನೆಯಲ್ಲಿದ್ದ ಅವ್ವ, "ಹಾವು! ಹಾವು! ಮಕ್ಳಾ, ಮ್ಯಾಲಕ್ ಹತ್ಕಳ್ರೋ!" ಎಂದು ಕೂಗಿಕೊಂಡಳು. ನಂಜುಂಡ ಕಿಟಕಿ ಹತ್ತಿದ. ಅಪ್ಪ ದೊಣ್ಣೆ ಹಿಡಿದು ಬಂದರು. ಹಾವಾಗಿದ್ದರೆ ಚೆನ್ನಾಗಿತ್ತು. ಆ ತೆಳುಗೋಡೆಯ ಒಳಗೇ ಗ್ಯಾಸು ಓಡಾಡುವ ದಾರಿ ಇರುತ್ತದೆಂದು ನನಗೇನು ಗೊತ್ತು? ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿದ ಹಾಗಾಯಿತು. ಅರ್ಧ ನಿಮಿಷ ಬುಸುಗುಟ್ಟಿ ಫ್ರಿಜ್ಜು ತಣ್ಣಗಾಯಿತು ಅನ್ನಲೂ ಆಗುವುದಿಲ್ಲ. ಅದಕ್ಕಾದದ್ದು ಅದರ ಉಲ್ಟಾ. ಪೂಜೆ ಮಾತ್ರ ನಿಲ್ಲಲಿಲ್ಲ. ತಂದ ತೆಂಗಿನಕಾಯಿ ಹಾಗೇ ಇಡುವಂತಿಲ್ಲವಲ್ಲ! ಸತ್ತ ಫ್ರಿಜ್ಜಿಗೇ ಹೂವು ಮುಡಿಸಿ, ಕಾಯಿ ಒಡೆದು ಮಂಗಳಾರತಿ ಎತ್ತಿದೆವು. ಮರುದಿನ ಬೀದಿಯವರು ತಮ್ಮ ತಮ್ಮ ದೋಸೆಹಿಟ್ಟು ಮೂಸಿನೋಡಿಕೊಂಡು ತೆಗೆದುಕೊಂಡು ಹೋದರು.

ಅಲ್ಲಿಂದ ಮುಂದೆ ಅವ್ವನ ಮನೆಗೆ ಮೂರು ಫ್ರಿಜ್ಜು ಬಂದವು. ಮೂರನ್ನೂ ನಾನು ದೂರದಿಂದಲೇ ನೋಡಿದೆ.

ಈಗ ನಮ್ಮ ಯಜಮಾನರ ವಿಷಯಕ್ಕೆ ಬರೋಣ. ಅವರು ಕಾಲೇಜೊಂದರಲ್ಲಿ ಆಟದ ಮೇಷ್ಟರಾಗಿದ್ದವರು. ನಿವೃತ್ತರಾದ ಮೇಲೆ ಎಲ್ಲರ ಹಾಗೆ ವಾಕಿಂಗು, ಪೇಪರು ಅಂತ ಇರಬಾರದೇ? ಹಳೆಯದೊಂದು ಮಿನಿಬಸ್ಸು ಕೊಂಡು, ಒಳಗೆ ಮಂಚ, ಒಲೆ, ನೀರಿನ ಟ್ಯಾಂಕು ಎಲ್ಲ ಕೂರಿಸಿ ಕ್ಯಾರವಾನ್ ಮಾಡಿಸಿದರು. ಅವ್ವ ಅದಕ್ಕೆ ಮನೆಗಾಡಿ ಅನ್ನುತ್ತಾಳೆ. ಜಯಲಕ್ಷ್ಮಿಪುರಂನ ನಮ್ಮ ಬೀದಿಯಲ್ಲಿ ಅದನ್ನು ನಿಲ್ಲಿಸಿದ ದಿನ ಎದುರುಮನೆಯವರು, "ಯಾಕೆ ಮೇಡಂ, ಮನೆ ಖಾಲಿ ಮಾಡ್ತಿದೀರಾ?" ಎಂದು ಕೇಳಿದರು. ಅದರೊಳಗೊಂದು ಫ್ರಿಜ್ಜು. ಯಾವುದೋ ಕಳಚಿದ ಪ್ರವಾಸಿ ಗಾಡಿಯಿಂದ ಬಂದದ್ದು; ಮನೆಯ ಕರೆಂಟಿನಲ್ಲೂ ಓಡುತ್ತದೆ, ಗಾಡಿಯ ಬ್ಯಾಟರಿಯಲ್ಲೂ ಓಡುತ್ತದೆ. ಜೊತೆಗೆ ಒಂದು ದಪ್ಪನೆಯ ಪುಸ್ತಕವನ್ನೂ ಕೊಟ್ಟಿದ್ದರು. ನಮ್ಮ ಯಜಮಾನರು ಅದನ್ನು ಅಲುಗಾಡುತ್ತಿದ್ದ ಒಲೆಯ ಕೆಳಗೆ ಆಸರೆಗೆ ಇಟ್ಟರು.

ನನ್ನದೊಂದು ಚಟ. ಅಚ್ಚಾದದ್ದು ಕೈಗೆ ಸಿಕ್ಕರೆ ಕೊನೆಯ ಸಾಲಿನವರೆಗೂ ಓದಬೇಕು. ಕಡಲೆಕಾಯಿ ಕಟ್ಟಿಕೊಟ್ಟ ಕಾಗದವನ್ನೂ ಬಿಟ್ಟವಳಲ್ಲ. ಪುಸ್ತಕ ಎಳೆದುಕೊಂಡೆ, ಒಲೆ ಮತ್ತೆ ಅಲುಗಾಡಿತು, ನಾನು ಓದಿದೆ.

ನಲವತ್ತು ವರ್ಷದ ಹಿಂದೆ ನನಗೆ ಯಾರೂ ಹೇಳದಿದ್ದ ಪಾಠ ಅದರಲ್ಲಿತ್ತು. ನೋಡಿ, ನಾವು ಬಾಗಿಲು ತೆಗೆದಾಗಲೆಲ್ಲ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಅದರಲ್ಲಿರುವ ತೇವ, ತಣ್ಣಗಿರುವ ಕೊಳವೆಗಳ ಮೇಲೆ ಹಿಮವಾಗಿ ಕೂರುತ್ತದೆ. ಹಿಮ ದಪ್ಪವಾದರೆ ಅದೇ ಕೊಳವೆಗೆ ಕಂಬಳಿ. ತಂಪು ಈಚೆಗೆ ಬರುವುದಿಲ್ಲ. ಅದಕ್ಕಾಗಿ ಈ ಫ್ರಿಜ್ಜಿನಲ್ಲಿ ಒಂದು ಗಡಿಯಾರ ಇಟ್ಟಿದ್ದಾರೆ. ಇಷ್ಟು ಗಂಟೆ ಕೆಲಸ ಮಾಡಿದ ಮೇಲೆ ಅದು ಯಾರನ್ನೂ ಕೇಳದೆ ತಂಪು ಮಾಡುವುದನ್ನು ನಿಲ್ಲಿಸುತ್ತದೆ, ತಂಪು ಗಾಳಿ ಹರಡುವ ಒಳಗಿನ ಫ್ಯಾನೂ ನಿಲ್ಲುತ್ತದೆ. ಕೊಳವೆಗಳ ಪಕ್ಕದಲ್ಲಿರುವ ಸಣ್ಣ ಹೀಟರ್ ತಂತಿ ಬಿಸಿಯಾಗುತ್ತದೆ. ಹೌದು, ಫ್ರಿಜ್ಜಿನ ಹೊಟ್ಟೆಯಲ್ಲೇ ಬಿಸಿ! ಹಿಮ ಕರಗಿ ನೀರಾಗಿ, ಒಂದು ಕಾಲುವೆಗೆ ಇಳಿದು, ಸಣ್ಣ ಪೈಪಿನಲ್ಲಿ ಗಾಡಿಯ ಅಡಿಯಿಂದ ರಸ್ತೆಗೆ ತೊಟ್ಟಿಕ್ಕುತ್ತದೆ. ಹಿಮ ಪೂರ್ತಿ ಹೋಯಿತೆಂದು ಗೊತ್ತಾದ ಕೂಡಲೇ ಇನ್ನೊಂದು ಪುಟ್ಟ ಸ್ವಿಚ್ಚು ಹೀಟರನ್ನು ಆರಿಸುತ್ತದೆ. ಮತ್ತೆ ತಂಪು ಶುರು. ಹೆಚ್ಚೆಂದರೆ ಇಪ್ಪತ್ತು ಇಪ್ಪತ್ತೈದು ನಿಮಿಷದ ಕೆಲಸ. ಒಂದು ಪೀರಿಯಡ್ ಮುಗಿದ ಮೇಲೆ ಮುಂದಿನ ಪಾಠಕ್ಕೆ ಬೋರ್ಡ್ ಒರೆಸುವುದಿಲ್ಲವೇ, ಹಾಗೆ. ಚಾಕು ಬೇಡ, ಸ್ಟೂಲು ಬೇಡ, ಹನ್ನೆರಡು ವರ್ಷದ ಹುಡುಗಿಯೂ ಬೇಡ.

ಆಮೇಲೆ ಬಂತು ಆ ಸಾಲು. ಹಳೆಯ ಕಾಲದ ಫ್ರಿಜ್ಜುಗಳಲ್ಲಿ ಈ ಕೆಲಸಕ್ಕಾಗಿ ತಿರುಗುಗುಂಡಿಯ ಮಧ್ಯದಲ್ಲಿ ಒಂದು ಬಟನ್ ಇರುತ್ತಿತ್ತು. ಒತ್ತಿದರೆ ಹಿಮ ತಾನಾಗಿ ಕರಗುತ್ತಿತ್ತು.

ಕೆಂಪು ಬಟನ್! ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದೆವಲ್ಲ! ತೀರಿಹೋದ ಅಪ್ಪನ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ಅವ್ವನಿಗೆ ಫೋನ್ ಮಾಡಿ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡು, "ಸತ್ತೋರ್ ಮ್ಯಾಲೆ ಎತ್ತಾಕ್ಬ್ಯಾಡ ಕಣವ್ವ" ಎಂದು ಇಟ್ಟುಬಿಟ್ಟಳು. ಶಿಕ್ಷೆ ಖಾಯಂ ಆಯಿತು.

ಕಳೆದ ದಸರಾ ಮುಗಿದು ಎರಡು ವಾರವಾಗಿತ್ತು. ಚನ್ನರಾಯಪಟ್ಟಣದ ಕಡೆ ಇರುವ ಅವ್ವನ ತವರೂರಿನಲ್ಲಿ ಆಂಜನೇಯನ ಗುಡಿ ಇದೆ. ಅವನಿಗೆ ಬೆಣ್ಣೆ ಅಲಂಕಾರ ಮಾಡಿಸುತ್ತೇನೆಂದು ಅವ್ವ ಹರಕೆ ಹೊತ್ತಿದ್ದಳು. ಅಂಗಡಿ ಬೆಣ್ಣೆ ಆಗದು, ತಾನೇ ಕಡೆದದ್ದಾಗಬೇಕು. ಎಂಬತ್ತರ ಹೆಂಗಸು, ಒಂದು ತಿಂಗಳು ಕೆನೆ ಕೂಡಿಟ್ಟು, ದಿನ ಬಿಟ್ಟು ದಿನ ಕಡೆದು, ದೊಡ್ಡ ಪಾತ್ರೆ ತುಂಬ ಬೆಣ್ಣೆ ಮಾಡಿದ್ದಳು. ಶನಿವಾರ ಮಧ್ಯಾಹ್ನದೊಳಗೆ ಅದು ಗಟ್ಟಿಯಾಗಿ ಗುಡಿ ಮುಟ್ಟಬೇಕು. ಕರಗಿದ ಬೆಣ್ಣೆ ವಿಗ್ರಹಕ್ಕೆ ನಿಲ್ಲುವುದಿಲ್ಲ. ಮನೆಗಾಡಿಯಲ್ಲಿ ಹೋಗೋಣ, ಫ್ರಿಜ್ಜಿದೆ ಎಂದು ಯಜಮಾನರು ಹೇಳಿದರು. ಅವ್ವ ನನ್ನ ಮುಖ ನೋಡಿ, "ಅದುನ್ನ ಇವ್ಳು ಮುಟ್ಟಲ್ಲ ತಾನೆ?" ಎಂದು ಕೇಳಿ ಖಾತ್ರಿ ಮಾಡಿಕೊಂಡ ಮೇಲೆಯೇ ಒಪ್ಪಿದ್ದು.

ಶುಕ್ರವಾರ ಸಂಜೆ ನಂಜುಂಡನ ಸ್ಕೂಟರಿನಲ್ಲಿ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಳು. ಬೆಣ್ಣೆಯನ್ನು ಉಂಡೆಗಳಾಗಿ ಮಾಡಿ ಒದ್ದೆ ಬಾಳೆಲೆಯಲ್ಲಿ ಸುತ್ತಿ ತಾನೇ ಕೈಯಾರೆ ಒಳಗಿಟ್ಟಳು. ಆಮೇಲೆ ಮಲಗುವವರೆಗೂ ಅರ್ಧ ಗಂಟೆಗೊಮ್ಮೆ ಹೋಗಿ ಬಾಗಿಲು ತೆಗೆದು ನೋಡಿದಳು. ಒದ್ದೆ ಎಲೆ, ತೆರೆದ ಬಾಗಿಲು, ಹಿಮಕ್ಕೆ ಇನ್ನೇನು ಬೇಕು? ಪುಸ್ತಕ ಓದಿದ್ದ ನನಗೆ ಗೊತ್ತಿತ್ತು. ಆದರೆ ಕೊಲೆಗಾರ್ತಿಯ ಮಾತು ಯಾರು ಕೇಳುತ್ತಾರೆ?

ಶನಿವಾರ ಬೆಳಿಗ್ಗೆ ಎಂಟಕ್ಕೆ ಹೊರಡಬೇಕು. ಏಳೂ ಮುಕ್ಕಾಲಿಗೆ ಯಜಮಾನರು ಗಾಡಿಯೊಳಗಿಂದ ಕೂಗಿದರು. ಓಡಿದೆವು. ನೆಲದ ಮೇಲೆಲ್ಲ ನೀರು. ಫ್ರಿಜ್ಜಿನ ಸದ್ದಿಲ್ಲ. ಪ್ರಯಾಣಕ್ಕೆಂದು ಫ್ರಿಜ್ಜು ಚಾಲೂ ಮಾಡಿದ್ದ ಹಿಂದಿನ ಎರಡು ದಿನವೂ ತಳದಲ್ಲಿ ಒಂದಿಷ್ಟು ನೀರು ಕಂಡಿತ್ತಂತೆ. ಬಾಟಲಿ ಸೋರಿದೆ ಎಂದುಕೊಂಡು ಒರೆಸಿದ್ದರಂತೆ. ಈಗ ಬಾಗಿಲು ತೆಗೆದು ಹಿಂಗೋಡೆ ಮುಟ್ಟಿದವರು ಬೆದರಿ ಕೈ ತೆಗೆದರು.

"ಬಿಸಿ ಕಣೇ! ಫ್ರಿಜ್ಜು ಬಿಸಿ!"

ಅವ್ವ ನನ್ನ ಕಡೆ ತಿರುಗಿದಳು. ಆ ನೋಟ ನನಗೆ ಹನ್ನೆರಡನೇ ವಯಸ್ಸಿನಿಂದಲೂ ಪರಿಚಯ. "ಮುಟ್ಬುಟ್ಯಾ?"

"ಇಲ್ಲ ಅವ್ವ, ದೇವರಾಣೆ."

"ಮುಟ್ದಿದ್ರೆ ಎಂಗೆ ಸತ್ತೋಯ್ತದೆ?"

ಯಜಮಾನರು ತಮ್ಮ ಗೆಳೆಯ, ಎ.ಸಿ. ರಿಪೇರಿಯ ಲೋಕೇಶನಿಗೆ ಫೋನ್ ಮಾಡಿದರು. ಪಕ್ಕದ ಬೀದಿಯವನು, ಬ್ಯಾಗ್ ಹಿಡಿದು ಐದು ನಿಮಿಷದಲ್ಲಿ ಬಂದ. ಮೂಸಿದ, ತಟ್ಟಿದ, ಕಿವಿಯಿಟ್ಟ. "ಗ್ಯಾಸ್ ಹೋಗಿರ್ಬೇಕು ಸಾರ್. ಹಿಂದಿನ ಪೈಪ್ ಕಟ್ ಮಾಡಿ ನೋಡ್ಬೇಕು" ಅಂದ. ಅಷ್ಟರಲ್ಲಿ ನಂಜುಂಡ ಎಲ್ಲಿಂದಲೋ ದೊಡ್ಡ ಥರ್ಮೋಕೋಲ್ ಪೆಟ್ಟಿಗೆ ತಂದುಬಿಟ್ಟಿದ್ದ. "ಇದ್ರಲ್ಲಿ ಐಸ್ ಹಾಕಿ ಇಟ್ಕೊಂಡು ಹೋಗ್ಬೌದು." ಅವ್ವ ಪೆಟ್ಟಿಗೆಯ ಮುಚ್ಚಳ ತೆಗೆದು ಮೂಗು ಮುಚ್ಚಿಕೊಂಡಳು. "ಇದು ಮೀನಿನ ಪೆಟ್ಗೆ ಅಲ್ವೇನೋ! ಅನ್ಮಂತ್ರಾಯುಂಗೆ ಮೀನ್ ವಾಸ್ನೆ ಬೆಣ್ಣೆ ಮೆತ್ತುಸ್ತೀಯೇನೋ, ಮಾರಾಯ!" ಎಂದು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು. ಕಣ್ಣಲ್ಲಿ ನೀರು ಬಂದಿತ್ತು. ಒಂದು ತಿಂಗಳ ತೋಳುನೋವು ಅದರಲ್ಲಿತ್ತು.

ಅದನ್ನು ನೋಡಿ ನನಗೆ ಎಲ್ಲಿಂದ ಧೈರ್ಯ ಬಂತೋ ಕಾಣೆ. ಲೋಕೇಶ ಕಟ್ಟರ್ ಹೊರತೆಗೆದಿದ್ದ. ನಾನು ಫ್ರಿಜ್ಜಿನ ಬಾಗಿಲನ್ನು ಧಡಾರನೆ ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತೆ. ತರಗತಿಯಲ್ಲಿ ಹಿಂದಿನ ಬೆಂಚಿಗೂ ಕೇಳಿಸುವ ದನಿ ಇನ್ನೂ ಇದೆ ನನ್ನಲ್ಲಿ.

"ಯಾರೂ ಮುಟ್ಟಬೇಡಿ! ಇದು ಕೆಟ್ಟಿಲ್ಲ. ರಾತ್ರಿ ಕೂತ ದಪ್ಪ ಹಿಮ ಕರಗಿಸಿಕೊಳ್ತಿದೆ. ಇಪ್ಪತ್ತು ನಿಮಿಷ ಬಾಗಿಲು ತೆಗೀಬಾರದು. ಆಮೇಲೆ ತಾನೇ ಶುರುವಾಗತ್ತೆ. ಆಗದಿದ್ರೆ ಈ ಜನ್ಮದಲ್ಲಿ ನನ್ನ ಮನೆ ಫ್ರಿಜ್ಜನ್ನೂ ನಾನು ಮುಟ್ಟಲ್ಲ."

"ಮೇಡಂ, ಬಿಸಿಯಾಗಿದೆ..." ಎಂದ ಲೋಕೇಶ.

"ಬಿಸಿಯಾಗಬೇಕು ಲೋಕೇಶ. ಅದು ಹೀಟರ್. ಪುಸ್ತಕದಲ್ಲಿದೆ. ನೀವು ಓದಿದೀರಾ?"

"ಇಲ್ಲ ಮೇಡಂ" ಎಂದು ಅವನು ಹೋಂವರ್ಕ್ ಮಾಡದವನ ಹಾಗೆ ಕಟ್ಟರನ್ನು ಹಿಂದಕ್ಕೆ ಹಿಡಿದುಕೊಂಡ.

ಆ ಇಪ್ಪತ್ತು ನಿಮಿಷವನ್ನು ನಾನು ಹೇಗೆ ಕಳೆದೆ ಎಂದು ಕೇಳಬೇಡಿ. ಯಜಮಾನರು ಎಲ್ಲರಿಗೂ ಕಾಫಿ ತಂದರು. ನಂಜುಂಡ ಮೀನಿನ ಪೆಟ್ಟಿಗೆಯನ್ನು ಬೀದಿಯ ಆ ತುದಿಗೆ ಇಟ್ಟುಬಂದ. ಎದುರುಮನೆಯವರು ಗೇಟಿಗೆ ಬಂದು ನಿಂತರು. ಅವ್ವ ಕಾಫಿ ಮುಟ್ಟಲಿಲ್ಲ, ಆಂಜನೇಯನನ್ನು ನೆನೆಯುತ್ತಾ ನನ್ನನ್ನೇ ನೋಡುತ್ತಿದ್ದಳು. ಪುಸ್ತಕ ಬರೆದವನೇ ತಪ್ಪಿದ್ದರೆ? ಪಾಠಪುಸ್ತಕಗಳಲ್ಲಿ ಎಷ್ಟು ತಪ್ಪು ನೋಡಿದ್ದೇನೆ ನಾನು! ಹದಿನೈದು ನಿಮಿಷವಾಯಿತು. ಹದಿನೆಂಟು. ಇಪ್ಪತ್ತು ದಾಟಿತು. ಲೋಕೇಶ ವಾಚು ನೋಡಿಕೊಂಡ. ಅವ್ವ ಮೊಣಕಾಲು ಹಿಡಿದುಕೊಂಡು ಏಳಲು ಹೊರಟಳು.

ಟಕ್!

ನನ್ನ ಬೆನ್ನಿಗೇ ಕೇಳಿಸಿತು. ಆಮೇಲೆ ಸಣ್ಣಗೆ ಗುರ್‌ ಎಂದು ಸದ್ದು ಎದ್ದಿತು. ಇನ್ನೊಂದೆರಡು ನಿಮಿಷಕ್ಕೆ ಫ್ಯಾನೂ ತಿರುಗಿತು. ಬಾಗಿಲು ತೆಗೆದು ಕೈಯಿಟ್ಟೆ. ತಂಗಾಳಿ. ಬೆಣ್ಣೆಯ ಉಂಡೆಯೊಂದನ್ನು ಎತ್ತಿ ಅವ್ವನ ಅಂಗೈಗೆ ಹಾಕಿದೆ. ಕಲ್ಲಿನ ಹಾಗಿತ್ತು. ಅವಳು ಅದನ್ನು ಕಣ್ಣಿಗೊತ್ತಿಕೊಂಡಳು. ಎದುರುಮನೆಯವರು ಚಪ್ಪಾಳೆ ಹೊಡೆದರು. ಏಕೆಂದು ಅವರಿಗೆ ಪೂರ್ತಿ ಗೊತ್ತಿರಲಿಲ್ಲ, ಆದರೂ ನಾನು ತಲೆಬಾಗಿ ಸ್ವೀಕರಿಸಿದೆ.

ಯಜಮಾನರಿಗೆ ಸೋಲೊಪ್ಪಿ ಗೊತ್ತಿಲ್ಲ. "ಅದೆಲ್ಲ ಸರಿ, ನೀರು ಒಳಗ್ಯಾಕೆ ಬಂತು? ನಿನ್ನ ಪುಸ್ತಕದ ಪ್ರಕಾರ ರಸ್ತೆಗೆ ಹೋಗ್ಬೇಕಿತ್ತಲ್ಲ?"

ಒಳ್ಳೆಯ ಪ್ರಶ್ನೆ. ನಾನು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಗಾಡಿಯ ಅಡಿಗೆ ಅಂಗಾತ ಜಾರಿದೆ. ಐವತ್ತೆರಡನೇ ವಯಸ್ಸಿನಲ್ಲಿ, ಜಯಲಕ್ಷ್ಮಿಪುರಂನ ನಡುಬೀದಿಯಲ್ಲಿ. ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಆ ಕಡೆ ಬಂದಿದ್ದರೆ ನನ್ನ ಪಾದಗಳಿಗೆ ಮಾತ್ರ ನಮಸ್ಕಾರ ಮಾಡಬಹುದಿತ್ತು. ಪೈಪಿನ ತುದಿ ಸಿಕ್ಕಿತು. ಅದರ ಬಾಯಲ್ಲಿ ಏನೋ ತುರುಕಿತ್ತು. ಎಳೆದೆ. ಮೊದಲು ಒಂದು ಲೋಟದಷ್ಟು ನೀರು ನನ್ನ ಮುಖದ ಮೇಲೆ ಸುರಿಯಿತು. ಆಮೇಲೆ ಕೈಗೆ ಬಂದದ್ದು ಒಣಗಿದ ಒಂದು ಚೆಂಡುಹೂವು, ತೊಟ್ಟಿನ ಸಮೇತ.

ಎರಡು ವಾರದ ಹಿಂದೆ, ಆಯುಧಪೂಜೆಯ ದಿನ, ಈ ಗಾಡಿಗೆ ಅಲಂಕಾರ ಮಾಡಿದವರು ಯಾರು? ಕನ್ನಡಿಗೆ ಹಾರ, ಚಕ್ರದಡಿಗೆ ನಿಂಬೆಹಣ್ಣು, ಉಳಿದ ಹೂವನ್ನು ವ್ಯರ್ಥ ಮಾಡಬಾರದೆಂದು ಕಂಡಕಂಡ ತೂತಿಗೆಲ್ಲ ಒಂದೊಂದು. "ಮುಂದುಕ್ ಮಾತ್ರ ಯಾಕೆ, ಅಡಿಗೂ ಒಂದಿರ್ಲಿ, ಗಾಡಿಗೆ ತಂಪು" ಎಂದು ಬಗ್ಗಿ ಸಿಕ್ಕಿಸಿದ್ದನ್ನು ನಾನೇ ನಿಂತು ನೋಡಿದ್ದೆ.

ನಾನು ಗಾಡಿಯ ಅಡಿಯಿಂದ ತೆವಳಿ ಈಚೆ ಬಂದೆ. ಮುಖದ ನೀರು ಒರೆಸಿಕೊಳ್ಳಲಿಲ್ಲ. ಎದ್ದುನಿಂತು, ಹೂವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ. ನಲವತ್ತು ವರ್ಷದಿಂದ ನಾನು ಒಂದು ಭಾಷಣ ಸಿದ್ಧಮಾಡಿ ಇಟ್ಟುಕೊಂಡಿದ್ದೆ. ಅದರ ಒಂದು ಮಾತೂ ಬೇಕಾಗಲಿಲ್ಲ. ನಂಜುಂಡ ನಗಲು ಶುರು ಮಾಡಿದ, ಯಜಮಾನರು ನಗು ತಾಳದೆ ಕಾಂಪೌಂಡ್ ಗೋಡೆ ಹಿಡಿದುಕೊಂಡರು.

ಅವ್ವ ಹೂವನ್ನು ನೋಡಿದಳು, ನನ್ನನ್ನು ನೋಡಿದಳು. "ಯಾವ ಮುಂಡೇದು ಸಿಕ್ಕುಸ್ತೋ" ಎಂದು ಶುರು ಮಾಡಿ, ಅರ್ಧಕ್ಕೇ ನಿಲ್ಲಿಸಿದಳು. ಆಮೇಲೆ ಅವಳಿಗೂ ನಗು ತಡೆಯಲಾಗಲಿಲ್ಲ. "ಆಯ್ತು ಬುಡು. ನೀನೂ ಪೂಜೆಗೇ ಕೆರ್ದೆ, ನಾನೂ ಪೂಜೆಗೇ ಸಿಕ್ಸ್‌ದೆ. ಒಂಡ್ರಿ, ಒತ್ತಾಯ್ತು."

ಹನ್ನೊಂದೂವರೆಗೆಲ್ಲ ಗುಡಿ ಮುಟ್ಟಿದೆವು. ಬೆಣ್ಣೆ ಆಂಜನೇಯನ ಭುಜಕ್ಕೂ ಗದೆಗೂ ಮೆತ್ತಿ ನಿಂತಿತು. ಪೂಜಾರಪ್ಪ, "ಅಮ್ಮಾ, ಇಷ್ಟ್ ಗಟ್ಟಿ ಬೆಣ್ಣೆ ಈಚೀಚೆಗೆ ನೋಡಿರ್ಲಿಲ್ಲ" ಎಂದಾಗ ಅವ್ವ ನನ್ನ ಕಡೆ ನೋಡಲಿಲ್ಲ. ಆದರೆ ನನ್ನ ಕೈ ಹಿಡಿದುಕೊಂಡೇ ಮೂರು ಪ್ರದಕ್ಷಿಣೆ ಹಾಕಿದಳು.

ಮುಂದಿನ ಭಾನುವಾರ ಕೆಸರೆಗೆ ಹೋಗಿದ್ದೆ. ಚಾಕು ಅದೇ ಮೊಳೆಯಲ್ಲಿ ತೂಗುತ್ತಿತ್ತು. ಅಷ್ಟು ಬೇಗ ಸೋಲುವವಳಲ್ಲ ನಮ್ಮವ್ವ. ಬಿಸಿಲಲ್ಲಿ ನಡೆದು ಬಂದಿದ್ದೆ, ಗಂಟಲು ಒಣಗಿತ್ತು. ಚಾಪೆಯ ಮೇಲೆ ಸೊಪ್ಪು ಬಿಡಿಸುತ್ತಿದ್ದ ಅವ್ವ ತಲೆ ಎತ್ತದೆ, "ಫ್ರಿಜ್ಜಲ್ಲಿ ಮಜ್ಗೆ ಅದೆ" ಅಂದಳು. ನಂಜುಂಡ ಎಂದಿನಂತೆ ಮಂಡಿ ಹಿಡಿದುಕೊಂಡು ಏಳಹೊರಟ.

"ನೀ ಕೂತ್ಕಳೋ" ಅಂದಳು ಅವ್ವ. "ಅವ್ಳೇ ತಕ್ಕೊತಾಳೆ."

ನಾನು ಎದ್ದು ಹೋಗಿ ಬಾಗಿಲು ತೆಗೆದೆ. ಒಳಗೆ ದೀಪ ಹತ್ತಿತು. ಮಜ್ಜಿಗೆ ಚೊಂಬು ಮುಂದೆಯೇ ಇತ್ತು. ಅಲ್ಲೇ ನಿಂತು ಎರಡು ಲೋಟ ಕುಡಿದೆ.